ಕೈತೋಟವೂ ಒಂದು ಕಾಯಕ

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಈ ವೇದಿಕೆಯಲ್ಲಿ ಸಾಮಾನ್ಯವಾಗಿ ವಿದ್ವಾಂಸರು ಮಾತನಾಡುತ್ತಾರೆ. ನಾನು ವಿದ್ವಾಂಸನಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಸರಕಾರದಲ್ಲಿ ಎಂಜಿನಿಯರ್ ಆಗಿ ಕಾಲುವೆ, ಕೆರೆ, ಕಟ್ಟಡಗಳ ಕೆಲಸ ಮಾಡಿದವನು. ನಿವೃತ್ತಿಯ ನಂತರ ಮನೆಯ ಹಿತ್ತಲು ಮತ್ತು ಮಾಳಿಗೆಯ ಮೇಲೆ ತರಕಾರಿ ಬೆಳೆಯುತ್ತಿದ್ದೇನೆ. ಆ ಅನುಭವವನ್ನು ಹಂಚಿಕೊಳ್ಳಬೇಕೆಂದು ಪೂಜ್ಯರು ಅಪ್ಪಣೆ ಮಾಡಿದ್ದರಿಂದ ಬಂದಿದ್ದೇನೆ. ಎಂಜಿನಿಯರನ ಮಾತಾದ್ದರಿಂದ ನಡುನಡುವೆ ಲೆಕ್ಕ ಬರುತ್ತದೆ. ದಯವಿಟ್ಟು ಸಹಿಸಿಕೊಳ್ಳಬೇಕು.

ಮೊದಲು ಒಂದು ವಿಚಾರವನ್ನು ತಮ್ಮ ಮುಂದಿಡುತ್ತೇನೆ. ನಮ್ಮ ಊಟಕ್ಕೆ ಎರಡು ತುದಿಗಳಿವೆ. ಒಂದು ತುದಿಯಲ್ಲಿ ತರಕಾರಿ ಬೆಳೆಯುವವನಿದ್ದಾನೆ, ಇನ್ನೊಂದು ತುದಿಯಲ್ಲಿ ನಮ್ಮ ಅಡುಗೆಮನೆಯ ಕಸ ಎತ್ತುವವನಿದ್ದಾನೆ. ನಾವು ನಡುವೆ ಕುಳಿತು ಉಣ್ಣುತ್ತೇವೆ. ಈ ಎರಡೂ ತುದಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮನೆಯಲ್ಲಿ ಸಾವಯವ ತರಕಾರಿ ಬೆಳೆಯುವುದರಿಂದ ಆರೋಗ್ಯ, ರುಚಿ, ಉಳಿತಾಯ ಎಂದು ಹಲವು ಲಾಭ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ದೊಡ್ಡ ಲಾಭವೆಂದರೆ, ಈ ಎರಡು ತುದಿಗಳನ್ನೂ ಸ್ವಲ್ಪಮಟ್ಟಿಗೆ ನಮ್ಮ ಕೈಗೆ ತೆಗೆದುಕೊಳ್ಳಬಹುದು ಎಂಬುದು.

ಮೊದಲನೆಯ ತುದಿಯನ್ನು ನೋಡೋಣ. ಬೆಂಡೆಕಾಯಿಯನ್ನು ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ಬಿಟ್ಟರೆ ಬಲಿತು ನಾರಾಗುತ್ತದೆ, ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಕೀಟನಾಶಕದ ಡಬ್ಬಿಯ ಮೇಲೆ, ಸಿಂಪಡಿಸಿದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂದು ಬರೆದಿರುತ್ತದೆ. ಔಷಧಿಗೆ ತಕ್ಕಂತೆ ಅದು ಕೆಲವು ದಿನವಾಗಬಹುದು, ವಾರವೂ ಆಗಬಹುದು, ಇನ್ನೂ ಹೆಚ್ಚೂ ಆಗಬಹುದು. ಹುಳ ಬಿದ್ದಾಗ ಸಿಂಪಡಿಸದಿದ್ದರೆ ಬೆಳೆ ಹೋಗುತ್ತದೆ. ಸಿಂಪಡಿಸಿ ಅಷ್ಟು ದಿನ ಕಾದರೆ ಕಾಯಿ ಬಲಿಯುತ್ತದೆ. ರೈತ ಏನು ಮಾಡಬೇಕು? ನಾನು ರೈತನನ್ನು ದೂರುತ್ತಿಲ್ಲ. ಒಂದು ತೂತೂ ಇಲ್ಲದ ಬದನೆಕಾಯಿಯೇ ಬೇಕು, ಒಂದು ಚುಕ್ಕೆಯೂ ಇಲ್ಲದ ಹೂಕೋಸೇ ಬೇಕು ಎಂದು ಆರಿಸುವವರು ನಾವು. ಆ ಹೊಳಪಿನ ಬೆಲೆಯನ್ನು ಹೊಲದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು, ಕೈಗವಸು ಮುಖಗವಸು ಇಲ್ಲದೆ ವಿಷ ಸಿಂಪಡಿಸುವ ಕೂಲಿಕಾರ ತೆರುತ್ತಾನೆ. ಉಳಿದದ್ದು ನಮ್ಮ ತಟ್ಟೆಗೆ ಬರುತ್ತದೆ.

ವಿಷ ಎಂಬ ಮಾತನ್ನು ಉತ್ಪ್ರೇಕ್ಷೆಯಿಂದ ಬಳಸುತ್ತಿಲ್ಲ. ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವನ್ನು ತರಕಾರಿ ಬೆಳೆಗಳ ಮೇಲೆ ಬಳಸಬಾರದೆಂದು ಕೇಂದ್ರ ಸರಕಾರ 2005ರಲ್ಲಿಯೇ ನಿಷೇಧಿಸಿತು. ಅದೇ ವಸ್ತು 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯ ಬಿಸಿಯೂಟದ ಎಣ್ಣೆಯಲ್ಲಿ ಸೇರಿ 23 ಮಕ್ಕಳು ಪ್ರಾಣ ಬಿಟ್ಟರು. ನಮ್ಮ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಷ್ಟು ಮನೆಗಳನ್ನು ಹಾಳುಮಾಡಿತೆಂಬುದು ತಮಗೆ ಗೊತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯುವವರೆಗೆ ಅಲ್ಲಿನ ಜನ ಹೋರಾಡಬೇಕಾಯಿತು.

ತೊಳೆದರೆ ಹೋಗುವುದಿಲ್ಲವೇ ಎಂದು ತಾಯಂದಿರು ಕೇಳುತ್ತಾರೆ. ಮೇಲ್ಮೈಯಲ್ಲಿರುವುದು ಸಾಕಷ್ಟು ಹೋಗುತ್ತದೆ, ಚೆನ್ನಾಗಿ ತೊಳೆಯಲೇಬೇಕು. ಆದರೆ ಕೆಲವು ಔಷಧಿಗಳು ಗಿಡದ ಒಳಗೇ ಸೇರಿ ರಸದೊಂದಿಗೆ ಹರಿಯುತ್ತವೆ. ಅವು ತೊಳೆದರೆ ಹೋಗುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಊಟದಲ್ಲಿ ಇನ್ನೊಂದು ವಿಶೇಷವಿದೆ. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ, ಸೌತೆಕಾಯಿ, ಗಜ್ಜರಿ ಇಟ್ಟುಕೊಂಡು ತಿನ್ನುತ್ತೇವೆ. ಬೇಯಿಸುವುದೂ ಇಲ್ಲ. ಪೇಟೆಯ ಸುತ್ತಮುತ್ತ ಕೊಳಚೆ ನಾಲೆಯ ನೀರಿನಲ್ಲಿ ಬೆಳೆದ ಸೊಪ್ಪೂ ಸಂತೆಗೆ ಬರುತ್ತದೆ. ನೋಡುವುದಕ್ಕೆ ಅದು ಹಸಿರಾಗಿ, ಕೊಬ್ಬಿ ಬೆಳೆದಿರುತ್ತದೆ. ಹಸಿಯಾಗಿ ತಿನ್ನುವ ಸೊಪ್ಪನ್ನಾದರೂ ಮನೆಯಲ್ಲೇ ಬೆಳೆದುಕೊಂಡರೆ ನಮ್ಮ ಊಟದ ಪದ್ಧತಿಯೂ ಉಳಿಯುತ್ತದೆ, ಮನಸ್ಸಿನ ಅಳುಕೂ ಹೋಗುತ್ತದೆ.

ಈಗ ಎರಡನೆಯ ತುದಿ. ಕಾಯಿಪಲ್ಯದ ಸಿಪ್ಪೆ, ಸೊಪ್ಪಿನ ದಂಟು, ಬಾಳೆಹಣ್ಣಿನ ಸಿಪ್ಪೆ, ಪೂಜೆಯ ಹೂಪತ್ರೆ ಇವು ಮನೆಯಿಂದ ಹೊರಗೆ ಹೋದರೆ ನಮ್ಮ ಮಟ್ಟಿಗೆ ಮುಗಿಯಿತು. ಆದರೆ ಅವು ಎಲ್ಲಿಯೋ ಹೋಗಿ ಬೀಳಲೇಬೇಕಲ್ಲ? ನಮ್ಮ ರಾಜಧಾನಿಯ ಕಸ ಮೊದಲು ಮಾವಳ್ಳಿಪುರದಲ್ಲಿ, ನಂತರ ಮಂಡೂರಿನಲ್ಲಿ ಬಿದ್ದಿತು. ಮಾವಳ್ಳಿಪುರದವರು ಪ್ರತಿಭಟಿಸಿ 2012ರಲ್ಲಿ ನಿಲ್ಲಿಸಿದರು. ಮಂಡೂರಿನವರು 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತರು. ನಾವು ಉಂಡು ಬಿಸಾಡಿದ್ದನ್ನು ಇನ್ನೊಂದು ಊರಿನ ಮಕ್ಕಳು ಉಸಿರಾಡಬೇಕೆ? ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಹಸಿ ಕಸ, ಒಣ ಕಸ ಬೇರ್ಪಡಿಸಿ ಕೊಡಬೇಕೆಂದು ಹೇಳುತ್ತವೆ. ಎಷ್ಟು ಮನೆಗಳಲ್ಲಿ ನಡೆಯುತ್ತಿದೆ? ಬೇರ್ಪಡಿಸದೆ ಕೊಟ್ಟ ಚೀಲವನ್ನು ಪೌರಕಾರ್ಮಿಕ ತಾಯಿಯೊಬ್ಬಳು ಬರಿಗೈಯಿಂದ ಬಿಚ್ಚಿ ಬೇರ್ಪಡಿಸುತ್ತಾಳೆ.

ಶರಣ ಬಂಧುಗಳೆ, ಇಲ್ಲಿ ನಮಗೆ ಒಂದು ಪರೀಕ್ಷೆ ಇದೆ. ಒಕ್ಕಲುತನದ ಮುದ್ದಣ್ಣನೂ, ಅಂಗಳ ಗುಡಿಸುವ ಸತ್ಯಕ್ಕನೂ ಅನುಭಾವಿಗಳ ಸಾಲಿನಲ್ಲಿ ಕುಳಿತ ಪರಂಪರೆ ನಮ್ಮದು. ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ಪ್ರತಿ ಗೋಷ್ಠಿಯಲ್ಲೂ ಹೇಳುತ್ತೇವೆ. ಹೇಳಿ ಮನೆಗೆ ಹೋಗಿ, ನಮ್ಮದೇ ಅಡುಗೆಮನೆಯ ಸಿಪ್ಪೆ ಮುಟ್ಟಲು ಮೂಗು ಮುಚ್ಚಿಕೊಂಡರೆ ಹೇಗೆ? ಯಾವ ಕೆಲಸವನ್ನು ಇನ್ನೊಬ್ಬರ ಹಣೆಗೆ ಬರೆದಿದ್ದೇವೆಯೋ ಅದರಲ್ಲಿ ನಮ್ಮ ಪಾಲಿನದನ್ನಾದರೂ ನಾವು ಮಾಡಬೇಕು. ಗೊಬ್ಬರದ ಡಬ್ಬಿಗೆ ಕೈ ಹಾಕುವುದು ಅಂಥ ಒಂದು ಕಾಯಕ. ಮತ್ತೊಂದು ಮಾತು: ಇದನ್ನು ಮನೆಯ ಸೊಸೆಗೋ ಕೆಲಸದವರಿಗೋ ವಹಿಸಿ ಯಜಮಾನರು ಪೇಪರು ಓದುತ್ತ ಕೂತರೆ ಅದು ಕಾಯಕವಾಗುವುದಿಲ್ಲ.

ಇನ್ನು ಮಾಡುವ ಬಗೆಗೆ ಬರುತ್ತೇನೆ. ಗೊಬ್ಬರದಿಂದಲೇ ಪ್ರಾರಂಭಿಸಬೇಕು. 50-60 ಲೀಟರಿನ ಎರಡು ಹಳೆಯ ಡ್ರಮ್ಮು ಅಥವಾ ಬಕೆಟ್ ಸಾಕು. ತಳದಲ್ಲಿ ಮತ್ತು ಪಕ್ಕದಲ್ಲಿ ಗಾಳಿಯಾಡಲು ತೂತು ಮಾಡಿ. ಒಂದು ಅಳತೆ ಹಸಿ ಕಸಕ್ಕೆ ಕನಿಷ್ಠ ಒಂದು ಅಳತೆ ಒಣ ಎಲೆ ಹಾಕಿ. ಪ್ರಾರಂಭದಲ್ಲಿ ಸ್ವಲ್ಪ ಸಗಣಿ ನೀರು ಇಲ್ಲವೆ ಹುಳಿ ಮಜ್ಜಿಗೆ ಚಿಮುಕಿಸಿ. ವಾರಕ್ಕೆ ಎರಡು ಸಲ ಕೋಲಿನಿಂದ ತಿರುವಿ. ಒಂದು ಡ್ರಮ್ಮು ತುಂಬುವಷ್ಟರಲ್ಲಿ ಇನ್ನೊಂದನ್ನು ಶುರುಮಾಡಬೇಕು. ಎರಡು ಮೂರು ತಿಂಗಳಲ್ಲಿ ಮೊದಲನೆಯದು ಕಪ್ಪು ಮಣ್ಣಿನಂತಾಗುತ್ತದೆ, ಮೊದಲ ಮಳೆಯ ವಾಸನೆ ಬರುತ್ತದೆ. ಕೆಟ್ಟ ವಾಸನೆ ಬಂದರೆ ನೀರಿನಂಶ ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಸೇರಿಸಿ ತಿರುವಿ. ಇರುವೆ ಬಂದರೆ ಒಣಗಿದೆ ಎಂದರ್ಥ, ನೀರು ಚಿಮುಕಿಸಿ. ಎಣ್ಣೆ ಹಾಕಿದ ಅಡುಗೆ, ಹಾಲು ಮೊಸರಿನ ಪದಾರ್ಥ ಹೆಚ್ಚು ಹಾಕಬೇಡಿ, ಇಲಿ ಬರುತ್ತದೆ. ಲೋಕ ಕಸವೆಂದು ಹೊರಗೆ ಹಾಕುವ ಒಣ ಎಲೆಗಾಗಿ ನಾನು ಈಗ ಬೀದಿಯಲ್ಲಿ ಚೀಲ ಹಿಡಿದು ಹೋಗುತ್ತೇನೆ. ಮಂದಿ ನೋಡಿ ನಗುತ್ತಾರೆ, ನಗಲಿ.

ಎರಡನೆಯದು ಭಾರದ ಲೆಕ್ಕ. ಮಾಳಿಗೆಯ ಮೇಲೆ ತೋಟ ಮಾಡುವವರು ಇದನ್ನು ಗಮನವಿಟ್ಟು ಕೇಳಬೇಕು. ಜನ ಓಡಾಡುವ ಮನೆಯ ಮಾಳಿಗೆಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರ ತಡೆಯುವಂತೆ ವಿನ್ಯಾಸ ಮಾಡುತ್ತೇವೆ. ಮಾಳಿಗೆಯ ಮೇಲೆ ಕಟ್ಟೆ ಕಟ್ಟಿ ಒಂದು ಅಡಿ ಎತ್ತರ ಮಣ್ಣು ತುಂಬಿದರೆ, ನೆನೆದಾಗ ಆ ಮಣ್ಣಿನ ಭಾರ ಚದರ ಮೀಟರಿಗೆ 500 ಕಿಲೋ ಆಗುತ್ತದೆ. ಮೂರು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಬರೀ ಮಣ್ಣು ಬೇಡ. ಒಂದು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಜೊತೆಗೆ ಒಂದು ಮುಷ್ಟಿ ಬೇವಿನ ಹಿಂಡಿ ಸೇರಿಸಿ. 20 ಲೀಟರಿನ ಕುಂಡ ಈ ಮಿಶ್ರಣದಿಂದ ತುಂಬಿ ನೀರು ಹಾಕಿದರೆ ಸುಮಾರು 20-25 ಕಿಲೋ ತೂಗುತ್ತದೆ. ಚದರ ಮೀಟರಿಗೆ ಮೂರು ಕುಂಡಕ್ಕಿಂತ ಹೆಚ್ಚು ಇಡಬೇಡಿ. ಕುಂಡಗಳನ್ನು ಗೋಡೆ ಮತ್ತು ತೊಲೆಗಳ ನೇರಕ್ಕೆ ಇಡಿ. ಹೊರಗೆ ಚಾಚಿದ ಬಾಲ್ಕನಿಯ ತುದಿಗೆ ಸಾಲಾಗಿ ಇಡುವುದು ಬೇಡವೇ ಬೇಡ. ನಾಲ್ಕು ಇಟ್ಟಿಗೆಯ ಮೇಲೋ ಕಬ್ಬಿಣದ ಸ್ಟ್ಯಾಂಡಿನ ಮೇಲೋ ಇಟ್ಟರೆ ಕೆಳಗೆ ನೀರು ನಿಲ್ಲದೆ ಮಾಳಿಗೆ ಸೋರುವುದು ತಪ್ಪುತ್ತದೆ. ಹಳೆಯ ಮನೆ, ಸೋರುವ ಮನೆ, ಮದ್ರಾಸ್ ತಾರಸಿಯ ಮನೆಯಾದರೆ ಅನುಭವಿ ಎಂಜಿನಿಯರಿಗೆ ತೋರಿಸದೆ ಭಾರ ಹೇರಬೇಡಿ. ಅಂಗಳದಲ್ಲಿ ನೆಲ ಇದ್ದವರಿಗೆ ಈ ಚಿಂತೆ ಇಲ್ಲ, ಅವರು ಪುಣ್ಯವಂತರು.

ಮೂರನೆಯದು ನೀರು. ಬೇಸಿಗೆಯಲ್ಲಿ ಗಿಡ ಮತ್ತು ಮಣ್ಣು ಸೇರಿ ದಿನಕ್ಕೆ ಸುಮಾರು 5 ಮಿಲಿಮೀಟರು ನೀರನ್ನು ಗಾಳಿಗೆ ಬಿಡುತ್ತವೆ. ಅಂದರೆ ಒಂದು ಚದರ ಮೀಟರು ತೋಟಕ್ಕೆ 5 ಲೀಟರು. ಆರು ಚದರ ಮೀಟರು ತೋಟವಿದ್ದರೆ 30 ಲೀಟರು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಒಂದು ಬಕೆಟಿಗೆ ಹಿಡಿದರೆ ಇದರಲ್ಲಿ ದೊಡ್ಡ ಪಾಲು ಸಿಗುತ್ತದೆ. ಪಾತ್ರೆ ತೊಳೆದ ಸಾಬೂನಿನ ನೀರು ಸೊಪ್ಪಿಗೆ ಬೇಡ. 2024ರ ಮಾರ್ಚಿಯಲ್ಲಿ ನೀರಿನ ಕೊರತೆಯಿಂದ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಅದು ಎಲ್ಲ ಊರಿಗೂ ಎಚ್ಚರಿಕೆ. 80 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 700 ಮಿಲಿಮೀಟರು ಮಳೆ ಬಿದ್ದರೆ 56,000 ಲೀಟರು ನೀರು ಬಿದ್ದಂತೆ. ಅದರಲ್ಲಿ ಸ್ವಲ್ಪವನ್ನಾದರೂ ಹಿಡಿದಿಡುವ ಏರ್ಪಾಡು ಮಾಡಿಕೊಳ್ಳಿ. ಕುಂಡದ ಮೇಲೆ ಎರಡು ಬೆರಳಿನಷ್ಟು ಒಣ ಎಲೆ ಹೊದಿಸಿದರೆ ನೀರು ಬೇಗ ಆರುವುದಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಸೊಳ್ಳೆಗೆ ಒಂದು ವಾರ ನಿಂತ ತಿಳಿನೀರು ಸಾಕು.

ಏನು ಬೆಳೆಯಬೇಕು? ಮೊದಲ ವರ್ಷ ಸೊಪ್ಪು ಮಾತ್ರ. ಮೆಂತ್ಯ, ರಾಜಗಿರಿ, ಹರಿವೆ 25-30 ದಿನಕ್ಕೆ ಕೈಗೆ ಬರುತ್ತವೆ. ಪಾಲಕ, ಕೊತ್ತಂಬರಿ 40 ದಿನ. ಮೂರು ನಾಲ್ಕು ತಾಸು ಬಿಸಿಲು ಬಿದ್ದರೂ ನಡೆಯುತ್ತದೆ. ಮೆಂತ್ಯ ಕೊತ್ತಂಬರಿಗೆ ತಂಪು ದಿನಗಳು ಒಳ್ಳೆಯದು, ಜೋರು ಮಳೆಗೆ ಕೊಳೆಯುತ್ತವೆ. ಪುಂಡಿ, ಬಸಳೆ ಬಿಸಿಲನ್ನೂ ತಾಳಿಕೊಳ್ಳುತ್ತವೆ. ದಸರೆಯ ಹೊತ್ತಿಗೆ ಶುರುಮಾಡಿದರೆ ಹೊಸಬರಿಗೆ ಸುಲಭ. ಕೈ ಪಳಗಿದ ಮೇಲೆ ಬೆಂಡೆ, ಬದನೆ, ಟೊಮೇಟೊ, ಮೆಣಸಿನಕಾಯಿ. ಇವಕ್ಕೆ ಕನಿಷ್ಠ ಆರು ತಾಸು ಬಿಸಿಲು ಬೇಕು. ಒಂದು ಕರಿಬೇವು, ನೆಲ ಇದ್ದರೆ ಒಂದು ನುಗ್ಗೆ, ಮೂಲೆಯಲ್ಲಿ ಒಂದು ದೊಡ್ಡಪತ್ರೆ ಇರಲಿ.

ಬೀಜದ ವಿಷಯದಲ್ಲಿ ಒಂದು ಮಾತು. ಗುಲಾಬಿ ಬಣ್ಣ ಹಚ್ಚಿದ ಬೀಜಗಳಿಗೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ, ಅವು ಬೇಡ. ಹೈಬ್ರಿಡ್ ಬೀಜದಿಂದ ಬೆಳೆದ ಕಾಯಿಯ ಬೀಜ ಹಾಕಿದರೆ ಅದೇ ಗುಣ ಬರುವುದಿಲ್ಲ. ನಾಟಿ ತಳಿ, ಅಥವಾ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಸುಗುಣ ದಂಟಿನಂಥ ತಳಿ ಹಾಕಿದರೆ ನಮ್ಮ ಬೀಜ ನಾವೇ ಇಟ್ಟುಕೊಳ್ಳಬಹುದು. ಒಂದು ಗಿಡದ ಎರಡು ಒಳ್ಳೆಯ ಕಾಯಿಗಳನ್ನು ಕೊಯ್ಯದೆ ಬಿಟ್ಟು, ಒಣಗಿಸಿ, ಬೂದಿಯಲ್ಲಿ ಹೊರಳಿಸಿ ಇಡುವುದನ್ನು ನಮ್ಮ ಅಜ್ಜಿಯರು ಮಾಡುತ್ತಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿದರೆ ಮಾರ್ಗದರ್ಶನ ಸಿಗುತ್ತದೆ.

ಹುಳ ಬಂದರೆ? ಬಂದೇ ಬರುತ್ತದೆ. ದಿನಾ ಬೆಳಗ್ಗೆ ಎಲೆಯ ಹಿಂಬದಿ ನೋಡಿ, ಮೊಟ್ಟೆ ಕಂಡರೆ ಕೈಯಿಂದ ತೆಗೆಯಿರಿ. ಇದಕ್ಕಿಂತ ದೊಡ್ಡ ಔಷಧಿಯಿಲ್ಲ. ಹೇನು ಹೆಚ್ಚಾದರೆ ಲೀಟರು ನೀರಿಗೆ 5 ಮಿಲಿಲೀಟರು ಬೇವಿನ ಎಣ್ಣೆ, ಎರಡು ಹನಿ ಸಾಬೂನಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಗಿಡಕ್ಕೆ ಬಲ ಬೇಕಾದರೆ ಸುಭಾಷ್ ಪಾಳೇಕರರು ಪ್ರಚಾರ ಮಾಡಿದ ಜೀವಾಮೃತವಿದೆ. ಎಕರೆಯ ಲೆಕ್ಕವನ್ನು ಬಕೆಟಿಗೆ ಇಳಿಸಿ ಹೇಳುತ್ತೇನೆ: 10 ಲೀಟರು ನೀರು, ಅರ್ಧ ಕಿಲೋ ಸಗಣಿ, ಅರ್ಧ ಲೀಟರು ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಚಿಟಿಕೆ ಹೊಲದ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು ಬುಡಕ್ಕೆ ಹಾಕಿ. ಹಾಗೆಂದು ಸಾವಯವ ಎಂದ ಮಾತ್ರಕ್ಕೆ ಎಲ್ಲವೂ ನಿರಪಾಯ ಎಂದು ತಿಳಿಯಬೇಡಿ. ತಂಬಾಕಿನ ಕಷಾಯವೂ ವಿಷವೇ, ಊಟದ ಸೊಪ್ಪಿಗೆ ಬೇಡ. ಹಸಿ ತಿನ್ನುವ ಸೊಪ್ಪಿಗೆ ಹಸಿ ಸಗಣಿಯಾಗಲಿ ಜೀವಾಮೃತವಾಗಲಿ ತಾಕಬಾರದು, ಅದಕ್ಕೆ ಚೆನ್ನಾಗಿ ಕಳಿತ ಗೊಬ್ಬರ ಮಾತ್ರ. ಮನೆಯದಾದರೂ ತೊಳೆದೇ ತಿನ್ನಬೇಕು.

ಇಷ್ಟೆಲ್ಲ ಮಾಡಿದರೆ ಎಷ್ಟು ಉಳಿತಾಯ ಎಂದು ಕೇಳುವವರಿದ್ದಾರೆ. ನಿಜ ಹೇಳಬೇಕೆಂದರೆ ಹಣದ ಲೆಕ್ಕದಲ್ಲಿ ದೊಡ್ಡ ಉಳಿತಾಯವಿಲ್ಲ. ಒಬ್ಬ ಮನುಷ್ಯ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ವರಿರುವ ಮನೆಗೆ ದಿನಕ್ಕೆ 1.6 ಕಿಲೋ ಆಯಿತು. ಇಪ್ಪತ್ತು ಮೂವತ್ತು ಕುಂಡಗಳಿಂದ ಅಷ್ಟು ಬರುವುದಿಲ್ಲ. ನಮ್ಮ ಮನೆಯಲ್ಲಿ ಸೊಪ್ಪು, ಕರಿಬೇವು, ಮೆಣಸಿನಕಾಯಿ ಕೊಳ್ಳುವುದು ನಿಂತಿದೆ. ಉಳ್ಳಾಗಡ್ಡಿ, ಬಟಾಟೆ, ಎಲೆಕೋಸು ಇಂದಿಗೂ ಸಂತೆಯಿಂದಲೇ ಬರುತ್ತವೆ. ಬರಲಿ, ರೈತನೂ ಬದುಕಬೇಕು. ಒಂದು ಬದನೆಗಿಡ ಕಾಪಾಡಲು ಎಷ್ಟು ಕಷ್ಟ ಎಂದು ತಿಳಿದ ಮೇಲೆ ಸಂತೆಯಲ್ಲಿ ಎರಡು ರೂಪಾಯಿಗೆ ಚೌಕಾಶಿ ಮಾಡುವ ನಾಲಿಗೆ ಏಳುವುದಿಲ್ಲ. ತೂತಿರುವ ಬದನೆಕಾಯಿಯನ್ನು ಪಕ್ಕಕ್ಕೆ ತಳ್ಳುವ ಕೈಯೂ ಹಿಂಜರಿಯುತ್ತದೆ. ವಿಷ ಹಾಕದೆ ಬೆಳೆಯುವ ರೈತನಿಗೆ ಎರಡು ಕಾಸು ಹೆಚ್ಚು ಕೊಡುವ ಬುದ್ಧಿ ಬರುತ್ತದೆ. ಅದನ್ನೂ ನಾನು ಲಾಭದ ಕಡೆಗೇ ಬರೆದುಕೊಳ್ಳುತ್ತೇನೆ.

ಆರೋಗ್ಯದ ಲಾಭ ಬೇರೆ. ಕೊಯ್ದ ಸೊಪ್ಪು ಹೊತ್ತು ಕಳೆದಂತೆ ಸಿ ಜೀವಸತ್ವ ಕಳೆದುಕೊಳ್ಳುತ್ತದೆ. ನಾವು ಒಲೆ ಹಚ್ಚಿ ಕೊಯ್ಯಲು ಹೋಗುತ್ತೇವೆ. ನನ್ನಂಥ ನಿವೃತ್ತರಿಗೆ ಬೆಳಗ್ಗೆ ಒಂದು ತಾಸು ಬಾಗಿ ಏಳುವ ವ್ಯಾಯಾಮ, ಎಳೆಬಿಸಿಲು, ಮಾತನಾಡಲು ಗಿಡಗಳು ಸಿಗುತ್ತವೆ. ಮೊಮ್ಮಕ್ಕಳು ತಾವೇ ನೀರು ಹಾಕಿದ ಪಾಲಕವನ್ನು ಬೇಡ ಎನ್ನುವುದಿಲ್ಲ.

ಬೆಳೆದದ್ದು ಒಮ್ಮೊಮ್ಮೆ ಮನೆಗೆ ಹೆಚ್ಚಾಗುತ್ತದೆ. ಆಯ್ದಕ್ಕಿ ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಿರುಗಿಸಿ ಬರಲು ಹೇಳಿದ ಕಥೆ ನಮಗೆಲ್ಲ ಗೊತ್ತು. ಹೆಚ್ಚಾದ ಸೊಪ್ಪನ್ನು ಫ್ರಿಜ್ಜಿನಲ್ಲಿ ಕೊಳೆಸಬೇಡಿ. ಪಕ್ಕದ ಮನೆಗೆ ಕೊಡಿ. ಯಾವ ಜಾತಿಯವರ ಮನೆ ಎಂದು ನೋಡದೆ ಕೊಡಿ, ಅವರು ಕೊಟ್ಟದ್ದನ್ನೂ ತೆಗೆದುಕೊಳ್ಳಿ. ಬೀದಿ ಗುಡಿಸುವ ತಾಯಿಗೆ ಒಂದು ಕಟ್ಟು ಮೆಂತ್ಯ ಕೊಡಿ. ಉಳಿದದ್ದು ಮಠದ ದಾಸೋಹಕ್ಕೆ ಬರಲಿ.

ಕೊನೆಯದಾಗಿ ಈ ಸಭೆಯ ಮುಂದೆ ಮೂರು ಬಿನ್ನಹ. ಮೊದಲನೆಯದು, ಇಲ್ಲಿಂದ ಹೋದವರು ಈ ವಾರ ಎರಡು ಕುಂಡ ಮತ್ತು ಒಂದು ಗೊಬ್ಬರದ ಡಬ್ಬಿ ಇಡಬೇಕು. ಇಪ್ಪತ್ತು ಬೇಡ, ಎರಡೇ ಸಾಕು. ಎರಡನೆಯದು, ಮದುವೆ, ಗುರುಪ್ರವೇಶ, ಜಯಂತಿಗಳಲ್ಲಿ ಶಾಲು ಹಾರಗಳ ಬದಲು ನಾಟಿ ಬೀಜದ ಪೊಟ್ಟಣವನ್ನೋ ಕರಿಬೇವಿನ ಸಸಿಯನ್ನೋ ಕೊಡುವ ರೂಢಿ ಬರಲಿ. ಮೂರನೆಯದು ಪೂಜ್ಯರಲ್ಲಿ. ಪ್ರಸಾದ ನಿಲಯದಲ್ಲಿ ದಿನವೂ ಕಾಯಿಪಲ್ಯದ ಸಿಪ್ಪೆ ಬಹಳ ಬರುತ್ತದೆ, ಹಿಂದೆ ಜಾಗವಿದೆ, ಕೈಗಳೂ ಇವೆ. ಅಪ್ಪಣೆಯಾದರೆ ಅಲ್ಲೊಂದು ಗೊಬ್ಬರದ ಗುಂಡಿ ಮತ್ತು ಸೊಪ್ಪಿನ ಮಡಿಗಳನ್ನು ಮಾಡಿಕೊಡಲು ನಾನೂ ನನ್ನ ಕೆಲವು ನಿವೃತ್ತ ಮಿತ್ರರೂ ಸಿದ್ಧರಿದ್ದೇವೆ. ನಕ್ಷೆ, ಅಂದಾಜುಪಟ್ಟಿ ನನ್ನ ಚೀಲದಲ್ಲೇ ಇವೆ. ಅಂದಾಜುಪಟ್ಟಿ ಇಲ್ಲದೆ ಸಭೆಗೆ ಬರುವುದು ನಮ್ಮ ಇಲಾಖೆಯವರಿಗೆ ರೂಢಿಯಿಲ್ಲ.